ಸರ್ವರ್ ತಂತ್ರಾಂಶದಲ್ಲಿ ಪರಿಸರಪದಗಳ ಅನುವೃತ್ತಿಯೂ ಅದರ ಪ್ರಕಟೀಕರಣವೂ

ಪಾಣಿನೀಯ ಸೂತ್ರಪಾಠವನ್ನು ವೃತ್ತಿಯ ನೆರವಿಲ್ಲದೆ ಓದತೊಡಗಿದವನು ಮೊದಲು ಎಡವುವುದು ಅನುವೃತ್ತಿಯಲ್ಲಿ. ಸೂತ್ರದಲ್ಲಿ ಕಣ್ಣಿಗೆ ಕಾಣುವ ಪದಗಳು ಎರಡೋ ಮೂರೋ; ಮೇಲಿನ ಸೂತ್ರಗಳಿಂದ ಇಳಿದುಬಂದು ಅರ್ಥವನ್ನು ಪೂರೈಸತಕ್ಕವು ಹಲವು. ಅವು ಎಲ್ಲಿಯವರೆಗೆ ಹರಿದುವು, ಎಲ್ಲಿ ನಿವೃತ್ತವಾದುವು ಎಂಬುದನ್ನು ಕಾಶಿಕಾದಿ ವೃತ್ತಿಗಳು ಬಿಡಿಸಿ ತೋರಿಸದಿದ್ದರೆ ಸೂತ್ರವು ಮೂಕವಾಗಿಯೇ ಉಳಿಯುವುದು. ಗಣಕಯಂತ್ರದ ಸರ್ವರ್ ತಂತ್ರಾಂಶದಲ್ಲಿಯೂ ಇಂಥದೊಂದು ವ್ಯವಸ್ಥೆಯುಂಟು.

ಅದಕ್ಕೆ ಎನ್ವಿರಾನ್‌ಮೆಂಟ್ ವೇರಿಯಬಲ್, ಎಂದರೆ ಪರಿಸರಪದ, ಎಂದು ಹೆಸರು. 1979ರ ಯೂನಿಕ್ಸ್ ಏಳನೆಯ ಆವೃತ್ತಿಯಲ್ಲಿ ಇದು ಬಳಕೆಗೆ ಬಂದಿತು. ಒಂದು ನಾಮ, ಸಮಚಿಹ್ನೆ, ಅದರ ಮೌಲ್ಯ. ಇಷ್ಟೇ ಇದರ ರೂಪ. ಒಂದು ಕಾರ್ಯಕ್ರಮವು ಮತ್ತೊಂದನ್ನು ಹುಟ್ಟಿಸಿದಾಗ ಈ ಪದಗಳು ಸಾಮಾನ್ಯವಾಗಿ ತಾಯಿಯಿಂದ ಮಗುವಿಗೆ ಅನುವೃತ್ತವಾಗುತ್ತವೆ. ಮಗುವು ಮಾಡಿಕೊಂಡ ಮಾರ್ಪಾಡು ತಾಯಿಗೆ ಹಿಂದಿರುಗುವುದಿಲ್ಲ. ವ್ಯಾಕರಣದಲ್ಲಿ ಕ್ವಚಿತ್ತಾಗಿ ಅಪಕರ್ಷವನ್ನು ಒಪ್ಪುವುದುಂಟು. ಇಲ್ಲಿ ಅದೂ ಇಲ್ಲ.

ಇದರಿಂದ ಕನ್ನಡಕ್ಕೆ ಒದಗುವ ತೊಡಕನ್ನು ಒಂದು ಊರಿನ ಹೆಸರಿನಿಂದಲೇ ತಿಳಿಯಬಹುದು. ಹೊಸಪೇಟೆಗೆ ಸಮೀಪದ ಪಾಪಿನಾಯಕನಹಳ್ಳಿಯನ್ನು ತೆಗೆದುಕೊಳ್ಳಿರಿ. ಕಿವಿಗೆ ಈ ಹೆಸರಿನಲ್ಲಿ ಎಂಟು ಅಕ್ಷರ. ಯೂನಿಕೋಡ್ ಕ್ರಮದಲ್ಲಿ ವ್ಯಂಜನ, ಸ್ವರಚಿಹ್ನೆ, ವಿರಾಮಗಳನ್ನು ಬೇರೆಬೇರೆಯಾಗಿ ಎಣಿಸಿದರೆ ಹದಿನಾಲ್ಕು ಸಂಕೇತ. ಯುಟಿಎಫ್-8 ಎಂಬ ಬರಹಕ್ರಮದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟುಗಳಾದುದರಿಂದ ಒಟ್ಟು 42 ಬೈಟು. ಅಂತರಜಾಲದ ವಿಳಾಸದಲ್ಲಿ ಸೇರಿದಾಗ ಪ್ರತಿ ಬೈಟೂ ಶೇಕಡಾ ಚಿಹ್ನೆ ಮೊದಲಾದ ಮೂರು ಲಿಪಿಚಿಹ್ನೆಗಳಾಗಿ, ಊರಿನ ಹೆಸರು 126 ಚಿಹ್ನೆಗಳಷ್ಟು ಉದ್ದವಾಗುತ್ತದೆ!

ಸರ್ವರು ಈ ವಿಳಾಸವನ್ನು ತನ್ನ ಮಗುವಾದ ಕಾರ್ಯಕ್ರಮಕ್ಕೆ ಪರಿಸರಪದಗಳ ಮೂಲಕ ಒಪ್ಪಿಸುವ ಪದ್ಧತಿಗೆ ಸಿಜಿಐ ಎಂದು ಹೆಸರು. ಅದರ ಲಕ್ಷಣವು 2004ರಲ್ಲಿ ಆರ್‌ಎಫ್‌ಸಿ 3875 ಎಂಬ ಪತ್ರದಲ್ಲಿ ನಿರೂಪಿತವಾಗಿದೆ. ಅದರಂತೆ ‘ಪಾತ್ ಇನ್‌ಫೋ’ ಎಂಬ ಪದದಲ್ಲಿ ಹೆಸರು ಬಿಡಿಸಲ್ಪಟ್ಟು 42 ಬೈಟುಗಳಾಗಿ ಬರುತ್ತದೆ. ‘ಕ್ವೆರಿ ಸ್ಟ್ರಿಂಗ್’ ಎಂಬುದರಲ್ಲಿ ಬಿಡಿಸದೆ 126 ಚಿಹ್ನೆಗಳಾಗಿಯೇ ಬರುತ್ತದೆ. ಈ ಭೇದವನ್ನರಿಯದ ಕಾರ್ಯಕ್ರಮವು ಎರಡನೆಯದನ್ನೇ ಹಿಡಿದು ಹುಡುಕಿದರೆ, ದಾಖಲೆಯಲ್ಲಿರುವ ಊರನ್ನೇ ಇಲ್ಲವೆಂದು ಹೇಳಿಬಿಡುವುದು.

ಇನ್ನೊಂದು ತೊಡಕು ಭಾಷಾಪದಗಳದು. ‘ಲ್ಯಾಂಗ್’ ಎಂಬುದು ಉತ್ಸರ್ಗ. ‘ಎಲ್‌ಸಿ’ ಎಂದು ಮೊದಲಾಗುವ ವಿಶೇಷಪದಗಳು ಅದಕ್ಕೆ ಅಪವಾದಗಳು. ‘ಎಲ್‌ಸಿ ಆಲ್’ ಎಲ್ಲವನ್ನೂ ಬಾಧಿಸುವುದು. ಲೇಖಕನ ತೆರೆಯ ಮೇಲೆ ಇವು ಕನ್ನಡಕ್ಕೆ ಅನುಕೂಲವಾಗಿಯೇ ಇರುತ್ತವೆ. ಆದರೆ ಅಪಾಚೆ ಸರ್ವರು ಆಯ್ದ ಕೆಲವು ಪದಗಳನ್ನುಳಿದು ಮಿಕ್ಕವನ್ನು, ‘ಪಾಸ್‌ಎನ್ವ್’ ಎಂಬ ವಿಧಿಯಿಂದ ಕೇಳಿಕೊಳ್ಳದ ಹೊರತು, ಮಗುವಿಗೆ ಕೊಡುವುದಿಲ್ಲ. ಹೀಗೆ ಅನುವೃತ್ತಿಯು ನಡುವೆಯೇ ನಿವೃತ್ತವಾಗಿ, ಕೈಯಲ್ಲಿ ನಡೆಸಿದಾಗ ಸರಿಯಾಗಿ ಕನ್ನಡ ಬರೆದ ಕಾರ್ಯಕ್ರಮವೇ ಸರ್ವರಿನಡಿಯಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲನ್ನು ಬರೆಯಬಹುದು. ದೋಷವನ್ನು ಕಾರ್ಯಕ್ರಮದಲ್ಲಿ ಎಷ್ಟು ಹುಡುಕಿದರೂ ದೊರೆಯದು. ಅದು ಅಲ್ಲಿ ಇಲ್ಲವೇ ಇಲ್ಲ.

ಆದುದರಿಂದ ಸರ್ವರಿಗೆ ವೃತ್ತಿಕಾರನ ಕೆಲಸವನ್ನು ಮಾಡುವ ಒಂದು ದೋಷಶೋಧನದ ಆಯ್ಕೆಯನ್ನು ಸೇರಿಸುವುದು ಯುಕ್ತ. ಲಿನಕ್ಸಿನಲ್ಲಿ ಹೊರಗಿನಿಂದ ನೋಡಲು ‘ಪ್ರೋಕ್’ ಕಡತಗಳುಂಟಲ್ಲವೇ ಎಂದರೆ, ಅವು ಸಾಧಾರಣವಾಗಿ ತೋರಿಸುವುದು ಕಾರ್ಯಕ್ರಮವು ಆರಂಭವಾದಾಗಿನ ಪದಗಳನ್ನು. ಅನಂತರದ ಮಾರ್ಪಾಡು ಅಲ್ಲಿ ಕಾಣದು. ಮಗುವನ್ನು ಹುಟ್ಟಿಸುವ ಕ್ಷಣಕ್ಕೆ ಮುಂಚೆ, ಪದಗಳ ಪಟ್ಟಿಯು ಸಿದ್ಧವಾದ ಮೇಲೆ, ಸರ್ವರು ಅದನ್ನು ನಾಮಾನುಕ್ರಮವಾಗಿ ಒಂದೊಂದು ಸಾಲಿನಲ್ಲಿ ಲಾಗ್ ಕಡತಕ್ಕೆ ಬರೆಯಬೇಕು. ಮೌಲ್ಯದೊಳಗಿನ ಸಾಲುಮುರಿತವೇ ಮೊದಲಾದವನ್ನು ಸಂಕೇತರೂಪದಲ್ಲಿ ಬರೆಯತಕ್ಕದ್ದು. ಇಲ್ಲವಾದರೆ ದೂರದ ಬಳಕೆದಾರನೊಬ್ಬನು ಲಾಗಿನಲ್ಲಿ ಇಲ್ಲದ ಸಾಲುಗಳನ್ನು ಇದೆಯೆಂಬಂತೆ ತೋರಿಸಬಲ್ಲನು. ಆಯ್ಕೆಯು ಸಹಜವಾಗಿ ಮುಚ್ಚಿಯೇ ಇರಬೇಕು.

ಈ ಕೊನೆಯ ಮಾತನ್ನು ಲಘುವಾಗಿ ಎಣಿಸಲಾಗದು. ಪರಿಸರಪದಗಳಲ್ಲಿ ದತ್ತಸಂಚಯದ ಗುಪ್ತಪದಗಳೂ ಇರುತ್ತವೆ. ಅಂಥ ಮೌಲ್ಯಗಳನ್ನು ಮರೆಮಾಡಿ ಹೆಸರನ್ನು ಮಾತ್ರ ಬರೆದರೆ ಸಾಕು. ಅಪಾಚೆಯೊಡನೆ ಬರುವ ‘ಪ್ರಿಂಟ್‌ಎನ್ವ್’ ಎಂಬ ಕಿರುಕಾರ್ಯಕ್ರಮವು ಪದಗಳನ್ನು ಓದುಗನ ಪುಟದಲ್ಲಿಯೇ ಅಚ್ಚಿಸುವುದರಿಂದ, ಅದನ್ನು ನಡೆಯುತ್ತಿರುವ ಸರ್ವರಿನಲ್ಲಿ ಬಳಸಕೂಡದೆಂಬ ಎಚ್ಚರಿಕೆಯು ಅದರೊಳಗೇ ಇದೆ. ಹೊರಗಿನವನು ಕಳುಹಿಸಿದ ಮಾತು ಪರಿಸರಪದವಾಗಿ ಒಳಹೊಕ್ಕರೆ ಏನಾಗಬಹುದೆಂಬುದನ್ನು 2014ರ ಸೆಪ್ಟೆಂಬರಿನಲ್ಲಿ ಬಯಲಾದ ‘ಶೆಲ್‌ಶಾಕ್’ ಎಂಬ ದೋಷವು ತೋರಿಸಿತು. ಬ್ಯಾಶ್ ಎಂಬ ಶೆಲ್ಲು ಪದದ ಮೌಲ್ಯವನ್ನು ಓದುವುದರ ಬದಲು ಅದರ ತುದಿಯ ಆಜ್ಞೆಯನ್ನು ನಡೆಸಿಯೇ ಬಿಡುತ್ತಿತ್ತು. ಆದುದರಿಂದ ಪ್ರಕಟೀಕರಣವು ಲಾಗ್ ಕಡತವನ್ನು ದಾಟಬಾರದು. ಪರೀಕ್ಷೆಯು ಮುಗಿದೊಡನೆ ಆಯ್ಕೆಯನ್ನು ಮುಚ್ಚಿ, ಬರೆದ ಸಾಲುಗಳನ್ನು ಅಳಿಸತಕ್ಕದ್ದು.