ಪುಟ್ಟ ಗಣಕ ಕೈಕೊಟ್ಟಾಗ

2015ರ ಫೆಬ್ರವರಿ ತಿಂಗಳು. ಬ್ರಿಟನ್ನಿನ ‘ರಾಸ್ಪ್‌ಬೆರಿ ಪೈ 2’ ಎಂಬ ಅಂಗೈ ಅಗಲದ ಕಂಪ್ಯೂಟರ್ ಮಾರುಕಟ್ಟೆಗೆ ಬಂದು ಕೆಲವೇ ದಿನಗಳಾಗಿದ್ದವು. ಅದನ್ನು ಕೊಂಡ ಹವ್ಯಾಸಿಯೊಬ್ಬರು ಹೊಸ ಯಂತ್ರದ ಫೋಟೋ ತೆಗೆಯಲು ಹೊರಟರು. ಕ್ಯಾಮೆರಾದ ಫ್ಲ್ಯಾಶ್ ಮಿಂಚಿದ್ದೇ ತಡ, ಯಂತ್ರ ಸ್ತಬ್ಧವಾಯಿತು. ಮತ್ತೆ ಚಾಲೂ ಮಾಡಿ ಮತ್ತೆ ಫೋಟೋ ತೆಗೆದರು. ಮತ್ತೆ ಅದೇ ಕಥೆ. ಇದು ಕಾಕತಾಳೀಯ ಎನ್ನುವಂತಿರಲಿಲ್ಲ.

ಸುದ್ದಿ ಹರಡಿತು. ಬೇರೆ ಬೇರೆ ಊರಿನವರು ತಮ್ಮ ತಮ್ಮ ಯಂತ್ರಗಳ ಮೇಲೆ ಪ್ರಯೋಗ ನಡೆಸಿದರು. ಮೊಬೈಲ್ ಫೋನಿನ ಎಲ್‌ಇಡಿ ಬೆಳಕಿಗೆ ಯಂತ್ರ ಜಗ್ಗಲಿಲ್ಲ. ಕ್ಸೆನಾನ್ ಫ್ಲ್ಯಾಶಿನ ಪ್ರಖರ ಮಿಂಚಿಗೆ ಮಾತ್ರ ಮಣಿಯುತ್ತಿತ್ತು. ಗೋಡೆಗೆ ಚಿತ್ರ ಅಂಟಿಸುವ ಮೇಣದಂಥ ಅಂಟನ್ನು ಹಲಗೆಯ ಭಾಗಗಳ ಮೇಲೆ ಮೆತ್ತಿ ನೋಡಿದಾಗ ತಪ್ಪಿತಸ್ಥ ಸಿಕ್ಕಿಬಿದ್ದ. ಅದು ವಿದ್ಯುತ್ತನ್ನು ಹದಗೊಳಿಸುವ, ‘ಯು-16’ ಎಂಬ ಗುರುತಿನ ಪುಟ್ಟ ಚಿಪ್ಪು. ಸಾಮಾನ್ಯ ಚಿಪ್ಪುಗಳಿಗಿರುವ ಕಪ್ಪು ಪ್ಲಾಸ್ಟಿಕ್ ಕವಚ ಅದಕ್ಕಿರಲಿಲ್ಲ. ಬೆಳಕು ನೇರವಾಗಿ ಸಿಲಿಕಾನಿನ ಮೇಲೆ ಬಿದ್ದು ಎಲೆಕ್ಟ್ರಾನುಗಳನ್ನು ಕೆದಕುತ್ತಿತ್ತು. ಐನ್‌ಸ್ಟೈನ್ 1905ರಲ್ಲಿ ವಿವರಿಸಿ, 1921ರ ನೊಬೆಲ್ ಪ್ರಶಸ್ತಿ ಪಡೆದ ದ್ಯುತಿವಿದ್ಯುತ್ ಪರಿಣಾಮವೇ ಇಲ್ಲಿ ಕೀಟಲೆ ಮಾಡುತ್ತಿತ್ತು. ಪರಿಹಾರ ಸರಳ: ಆ ಚಿಪ್ಪಿನ ಮೇಲೆ ಒಂದು ಚಿಟಿಕೆ ಅಂಟು!

ಕೆಟ್ಟ ಯಂತ್ರದ ದೋಷ ಹುಡುಕುವ ವಿದ್ಯೆಯೆಲ್ಲ ಈ ಚಿಕ್ಕ ಪ್ರಸಂಗದಲ್ಲಿ ಅಡಗಿದೆ. ಆದದ್ದನ್ನು ಗಮನಿಸುವುದು, ಅದು ಮತ್ತೆ ಆಗುತ್ತದೆಯೇ ಎಂದು ನೋಡುವುದು, ಒಂದೊಂದೇ ಭಾಗವನ್ನು ಬೇರ್ಪಡಿಸಿ ಪರೀಕ್ಷಿಸುವುದು. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಬೇಕಾದದ್ದು ತಾಳ್ಮೆ, ಮತ್ತು ಯಂತ್ರದ ಒಳಗನ್ನು ನೋಡಲು ಅವಕಾಶ.

ಕಲಿಯಲೆಂದೇ ಹುಟ್ಟಿದ ಯಂತ್ರ

ರಾಸ್ಪ್‌ಬೆರಿ ಪೈ ಹುಟ್ಟಿದ್ದೇ ಇಂಥ ಅವಕಾಶ ಕಡಿಮೆಯಾಗುತ್ತಿದೆ ಎಂಬ ಚಿಂತೆಯಿಂದ. 1981ರಲ್ಲಿ ಕೇಂಬ್ರಿಜ್‌ನ ಏಕಾರ್ನ್ ಕಂಪೆನಿ ‘ಬಿಬಿಸಿ ಮೈಕ್ರೋ’ ಎಂಬ ಕಂಪ್ಯೂಟರನ್ನು ಹೊರತಂದಾಗ, ಬ್ರಿಟನ್ನಿನ ಶಾಲಾಮಕ್ಕಳು ಅದರ ಮುಂದೆ ಕುಳಿತು ತಾವೇ ಪ್ರೋಗ್ರಾಂ ಬರೆಯುತ್ತಿದ್ದರು. ಮುಂದೆ ಮನೆಗೆ ಬಂದ ಕಂಪ್ಯೂಟರುಗಳು ಬಳಸಲು ಸುಲಭವಾದವು, ಬಿಚ್ಚಿ ನೋಡಲು ಕಷ್ಟವಾದವು. ಕಂಪ್ಯೂಟರ್ ವಿಜ್ಞಾನ ಓದಲು ಬರುವ ವಿದ್ಯಾರ್ಥಿಗಳ ಸಂಖ್ಯೆಯೂ ಅವರ ಪೂರ್ವತಯಾರಿಯೂ ಇಳಿಯುತ್ತಿರುವುದನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಎಬೆನ್ ಅಪ್ಟನ್ ಮತ್ತು ಅವರ ಸಂಗಡಿಗರು ಗಮನಿಸಿದರು. ಕೆಟ್ಟರೂ ಅಪ್ಪ ಅಮ್ಮ ಬೈಯದಷ್ಟು ಅಗ್ಗದ ಯಂತ್ರವೊಂದು ಮಕ್ಕಳ ಕೈಗೆ ಸಿಗಬೇಕೆಂದು 2009ರಲ್ಲಿ ಪ್ರತಿಷ್ಠಾನವೊಂದನ್ನು ಕಟ್ಟಿದರು. 2012ರ ಫೆಬ್ರವರಿ 29ರಂದು ಮೊದಲ ಯಂತ್ರ ಮಾರಾಟಕ್ಕೆ ಬಂತು. ಬೆಲೆ 35 ಡಾಲರ್. ನೆನಪಿನ ಸಾಮರ್ಥ್ಯ 256 ಮೆಗಾಬೈಟ್. ಪೆಟ್ಟಿಗೆಯಿಲ್ಲ, ಕೀಲಿಮಣೆಯಿಲ್ಲ, ಪರದೆಯಿಲ್ಲ. ಎಲ್ಲವೂ ಒಂದೇ ಹಲಗೆಯ ಮೇಲೆ. ಇಂಥವಕ್ಕೆ ‘ಏಕಫಲಕ ಗಣಕ’ ಎನ್ನಬಹುದು.

ಇದನ್ನು ನಡೆಸುವುದು ಲಿನಕ್ಸ್. ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಹವ್ಯಾಸಕ್ಕೆಂದು ಬರೆಯತೊಡಗಿದ, ಯಾರು ಬೇಕಾದರೂ ಓದಿ ತಿದ್ದಬಹುದಾದ ತಂತ್ರಾಂಶ. ಅದು ತನ್ನ ಕಷ್ಟವನ್ನು ಮುಚ್ಚಿಡುವುದಿಲ್ಲ. ಚಾಲೂ ಆದ ಕ್ಷಣದಿಂದ ಏನೇನು ಕಂಡಿತು, ಎಲ್ಲಿ ಎಡವಿತು ಎಂಬುದನ್ನೆಲ್ಲ ಸಾಲು ಸಾಲಾಗಿ ದಿನಚರಿಯಂತೆ ಬರೆದಿಡುತ್ತದೆ. ಹೊಸಬರು ಆ ಸಾಲುಗಳನ್ನು ಕಂಡು ಗಾಬರಿಯಾಗುತ್ತಾರೆ. ಪಳಗಿದವರು ಮೊದಲು ಅದನ್ನೇ ಓದುತ್ತಾರೆ.

ಮೊದಲು ನೋಡಬೇಕಾದ್ದು ಕರೆಂಟು

ಏಕಫಲಕ ಗಣಕ ನಡುನಡುವೆ ತಾನಾಗಿ ಮರುಚಾಲೂ ಆಗುತ್ತಿದ್ದರೆ, ಕೀಲಿಮಣೆ ಇದ್ದಕ್ಕಿದ್ದಂತೆ ಕೈಬಿಟ್ಟರೆ, ಹೊಸಬರು ತಂತ್ರಾಂಶವನ್ನು ಶಂಕಿಸುತ್ತಾರೆ. ಅಳಿಸಿ ಮತ್ತೆ ಹಾಕುತ್ತಾರೆ. ಅನೇಕ ಸಲ ತಪ್ಪು ಇರುವುದು ಚಾರ್ಜರಿನಲ್ಲಿ ಅಥವಾ ಕೇಬಲ್ಲಿನಲ್ಲಿ. ಈ ಹಲಗೆಗೆ ಬೇಕಾದದ್ದು 5 ವೋಲ್ಟ್. ಚಾರ್ಜರು 5 ವೋಲ್ಟನ್ನೇ ಕೊಟ್ಟರೂ, ತೆಳುವಾದ ಕೇಬಲ್ಲಿನ ತಂತಿಗೆ ಕಾಲು ಓಮ್ ರೋಧವಿದ್ದು 2 ಆಂಪಿಯರ್ ಹರಿದರೆ ದಾರಿಯಲ್ಲೇ ಅರ್ಧ ವೋಲ್ಟ್ ಸೋರಿಹೋಗುತ್ತದೆ. ಹಲಗೆಗೆ ತಲುಪುವುದು ನಾಲ್ಕೂವರೆ ವೋಲ್ಟ್ ಮಾತ್ರ. 2014ರ ‘ಬಿ ಪ್ಲಸ್’ ಮಾದರಿಯ ನಂತರದ ಹಲವು ಹಲಗೆಗಳಲ್ಲಿ ವಿದ್ಯುತ್ತು 4.63 ವೋಲ್ಟಿಗಿಂತ ಕೆಳಗಿಳಿದರೆ ಕೆಂಪು ದೀಪ ಆರುತ್ತದೆ. ಪರದೆಯ ಮೂಲೆಯಲ್ಲಿ ಪುಟ್ಟ ಮಿಂಚಿನ ಚಿತ್ರ ಕಾಣಿಸಿಕೊಳ್ಳುತ್ತದೆ. ಯಂತ್ರ ಹೊಟ್ಟೆಗೆ ಸಾಲದೆಂದು ಹೇಳುವ ಬಗೆ ಇದು. ಆಗ ಮಾಡಬೇಕಾದದ್ದು ದಪ್ಪ ತಂತಿಯ ಗಿಡ್ಡ ಕೇಬಲ್ಲಿಗೆ, ತಕ್ಕ ಶಕ್ತಿಯ ಚಾರ್ಜರಿಗೆ ಬದಲಾಯಿಸುವುದು. ಪೈ 4ಕ್ಕೆ 3 ಆಂಪಿಯರ್ ಸಾಕು; 2023ರ ಪೈ 5ಕ್ಕೆ 5 ಆಂಪಿಯರಿನದನ್ನೇ ಬಳಸಿರೆಂಬುದು ತಯಾರಕರ ಸಲಹೆ.

ಇದಕ್ಕೆ ತದ್ವಿರುದ್ಧವಾದ ಕಥೆಯೂ ಇದೆ. ಪೈ ಯಂತ್ರದ ಹೃದಯವಾದ ‘ಆರ್ಮ್’ ಪ್ರೊಸೆಸರ್ ಏಕಾರ್ನ್ ಕಂಪೆನಿಯಲ್ಲಿ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ರೂಪಿಸಿದ್ದು. 1985ರ ಏಪ್ರಿಲ್‌ನಲ್ಲಿ ಅದರ ಮೊದಲ ಚಿಪ್ಪು ಸರಾಗವಾಗಿ ಓಡಿತು. ಎಷ್ಟು ವಿದ್ಯುತ್ ಬಳಸುತ್ತದೆಂದು ಅಳೆಯಹೋದರೆ ಮಾಪಕ ಸೊನ್ನೆ ತೋರಿಸಿತು! ಹುಡುಕಿ ನೋಡಿದರೆ, ಚಿಪ್ಪಿಗೆ ವಿದ್ಯುತ್ ಸಂಪರ್ಕವನ್ನೇ ಕೊಟ್ಟಿರಲಿಲ್ಲ. ಅಕ್ಕಪಕ್ಕದ ಸಂಕೇತ ತಂತಿಗಳಿಂದ ಸೋರಿ ಬಂದ ಅಲ್ಪ ವಿದ್ಯುತ್ತಿನಲ್ಲೇ ಅದು ಕೆಲಸ ಮಾಡುತ್ತಿತ್ತು. ಇಂದು ಕೋಟ್ಯಂತರ ಮೊಬೈಲ್ ಫೋನುಗಳು ನಡೆಯುತ್ತಿರುವುದು ಆ ಮಿತಾಹಾರಿಯ ವಂಶಜರಿಂದಲೇ.

ದೀಪದ ಭಾಷೆ, ಕಾರ್ಡಿನ ಕಾಯಿಲೆ

ಕರೆಂಟು ಸರಿಯಿದ್ದೂ ಪರದೆ ಕಪ್ಪಾಗಿದ್ದರೆ ಹಸಿರು ದೀಪವನ್ನು ನೋಡಬೇಕು. ಪೈ ತನ್ನ ತಂತ್ರಾಂಶವನ್ನು ಉಗುರಿನಷ್ಟು ಅಗಲದ ಮೆಮೊರಿ ಕಾರ್ಡಿನಿಂದ ಹಂತಹಂತವಾಗಿ ಓದಿಕೊಳ್ಳುತ್ತದೆ. ಪೈ 3ರವರೆಗಿನ ಯಂತ್ರಗಳಲ್ಲಿ ಮೊದಲು ಎಚ್ಚರಗೊಳ್ಳುವುದು ಪ್ರಧಾನ ಪ್ರೊಸೆಸರ್ ಅಲ್ಲ, ಚಿತ್ರ ಮೂಡಿಸುವ ಭಾಗ. ಅದು ಕಾರ್ಡಿನಲ್ಲಿರುವ ಆರಂಭದ ಕಡತವನ್ನು ಓದಿ, ಪರದೆಯ ಮೇಲೆ ಕಾಮನಬಿಲ್ಲಿನ ಬಣ್ಣದ ಚೌಕ ಮೂಡಿಸಿ, ಆಮೇಲೆ ಲಿನಕ್ಸ್‌ನ ತಿರುಳಾದ ‘ಕರ್ನೆಲ್’ ಅನ್ನು ಎಬ್ಬಿಸುತ್ತದೆ. ಆದ್ದರಿಂದ ಬಣ್ಣದ ಚೌಕದಲ್ಲೇ ಯಂತ್ರ ನಿಂತುಬಿಟ್ಟರೆ, ಆರಂಭದ ಕಡತ ಸರಿಯಿದೆ, ಕರ್ನೆಲ್ ಏಳುತ್ತಿಲ್ಲ ಎಂದು ಊಹಿಸಬಹುದು. ಹಸಿರು ದೀಪ ನಾಲ್ಕು ಸಲ ಮಿಣುಕಿ ನಿಂತು ಮತ್ತೆ ನಾಲ್ಕು ಸಲ ಮಿಣುಕುತ್ತಿದ್ದರೆ ಆರಂಭದ ಕಡತ ಸಿಗಲಿಲ್ಲವೆಂದೂ, ಏಳು ಸಲವಾದರೆ ಕರ್ನೆಲ್ ಸಿಗಲಿಲ್ಲವೆಂದೂ ಅರ್ಥ. ಎಲ್ಲಿಯವರೆಗೆ ಸರಿಯಿತ್ತು ಎಂಬುದು ತಿಳಿದರೆ ಎಲ್ಲಿಂದ ಹುಡುಕಬೇಕು ಎಂಬುದೂ ತಿಳಿಯುತ್ತದೆ.

ಕಾರ್ಡು ಈ ಯಂತ್ರಗಳ ದುರ್ಬಲ ಅಂಗ. ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಡತಗಳು ಅರ್ಧಂಬರ್ಧ ಉಳಿಯುತ್ತವೆ. ಹೇಳದೆ ಕೇಳದೆ ವಿದ್ಯುತ್ ಕಡಿತವಾಗುವ ಊರುಗಳಲ್ಲಿ ಇದು ಸಾಮಾನ್ಯ. ಆದಕಾರಣ ಯಂತ್ರವನ್ನು ಕ್ರಮವಾಗಿ ನಿಲ್ಲಿಸಿದ ಮೇಲಷ್ಟೇ ಪ್ಲಗ್ ಕೀಳಬೇಕು. ಕಾರ್ಡನ್ನು ಇನ್ನೊಂದು ಲಿನಕ್ಸ್ ಕಂಪ್ಯೂಟರಿಗೆ ಹಾಕಿ ಕಡತ ವ್ಯವಸ್ಥೆಯನ್ನು ತಪಾಸಣೆ ಮಾಡಿಸಿದರೆ ಅನೇಕ ಸಲ ಅದು ಚೇತರಿಸಿಕೊಳ್ಳುತ್ತದೆ. ಮೇಲೆ 64 ಗಿಗಾಬೈಟ್ ಎಂದು ಅಚ್ಚಾಗಿದ್ದು ಒಳಗೆ 8 ಮಾತ್ರ ಇರುವ ನಕಲಿ ಕಾರ್ಡುಗಳೂ ಉಂಟು. ತುಂಬಾ ಬರೆದು, ಬರೆದದ್ದನ್ನೇ ಮರಳಿ ಓದಿಸಿ ಹೋಲಿಸಿದರೆ ಬಣ್ಣ ಬಯಲಾಗುತ್ತದೆ.

ಪರದೆಯೇ ಇಲ್ಲದ ಕಡೆ ಹಲಗೆಯ ಅಂಚಿನ ಸೂಜಿಗಳಲ್ಲಿ ಮೂರಕ್ಕೆ ತಂತಿ ಜೋಡಿಸಿ, ಲಿನಕ್ಸ್‌ನ ದಿನಚರಿಯನ್ನು ಇನ್ನೊಂದು ಕಂಪ್ಯೂಟರಿನಲ್ಲಿ ಓದಬಹುದು. ಒಂದೇ ಎಚ್ಚರಿಕೆ: ಆ ಸೂಜಿಗಳು ತಾಳುವುದು 3.3 ವೋಲ್ಟ್. 5 ವೋಲ್ಟಿನ ಸಂಕೇತ ಕೊಟ್ಟರೆ ರೋಗ ಹುಡುಕುವ ಮೊದಲೇ ರೋಗಿ ಹೋಗಬಹುದು.

ಕೆಲವು ದೋಷಗಳು ವೇಷ ಮರೆಸಿಕೊಂಡು ಬರುತ್ತವೆ. ಅಂತರ್ಜಾಲದ ಸುರಕ್ಷಿತ ತಾಣಗಳೆಲ್ಲ ಬಾಗಿಲು ಹಾಕಿಕೊಂಡರೆ ಜಾಲಸಂಪರ್ಕವನ್ನೇ ದೂರುವುದು ಸಹಜ. ಆದರೆ ಪೈ 4ರವರೆಗಿನ ಯಂತ್ರಗಳಲ್ಲಿ ಕರೆಂಟಿಲ್ಲದಾಗಲೂ ನಡೆಯುವ ಗಡಿಯಾರ ಇರಲಿಲ್ಲ. ಹಳೆಯ ತಾರೀಖಿನಲ್ಲೇ ಎದ್ದ ಯಂತ್ರಕ್ಕೆ ಇಂದಿನ ಪ್ರಮಾಣಪತ್ರಗಳು ಇನ್ನೂ ಜಾರಿಗೆ ಬಂದಿಲ್ಲವೆಂದು ತೋರುತ್ತದೆ. ತಾರೀಖು ಸರಿಪಡಿಸಿದರೆ ಬಾಗಿಲು ತೆರೆಯುತ್ತದೆ. ಹಾಗೆಯೇ ಕನ್ನಡ ಪುಟ ತೆರೆದಾಗ ಅಕ್ಷರಗಳ ಜಾಗದಲ್ಲಿ ಬರೀ ಚೌಕಗಳು ಕಂಡರೆ ಕಡತ ಕೆಟ್ಟಿದೆ ಎಂದಲ್ಲ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನವಿತ್ತು. ಯಂತ್ರಕ್ಕೆ ಅಕ್ಷರದ ಹೆಸರು ಗೊತ್ತು, ಮುಖ ಗೊತ್ತಿಲ್ಲ, ಅಷ್ಟೆ. ಲೋಹಿತ್, ಗುಬ್ಬಿ, ನವಿಲು ಮುಂತಾದ ಉಚಿತ ಕನ್ನಡ ಫಾಂಟುಗಳಲ್ಲಿ ಒಂದನ್ನು ಹಾಕಿದರೆ ಚೌಕಗಳು ಕಾಗುಣಿತವಾಗುತ್ತವೆ.

ಹುಳು ಮತ್ತು ಹುಳುಕು

ಕಂಪ್ಯೂಟರ್ ದೋಷಕ್ಕೆ ಇಂಗ್ಲಿಷಿನಲ್ಲಿ ‘ಬಗ್’, ಅಂದರೆ ಹುಳು, ಎನ್ನುತ್ತಾರೆ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ‘ಮಾರ್ಕ್ 2’ ಗಣಕದಲ್ಲಿ ಸಿಕ್ಕಿಕೊಂಡ ಪತಂಗವನ್ನು ತೆಗೆದು ದಾಖಲೆ ಪುಸ್ತಕಕ್ಕೆ ಅಂಟಿಸಿದ್ದು ಪ್ರಸಿದ್ಧ. ಪದ ಮಾತ್ರ ಅದಕ್ಕೂ ಹಳೆಯದು. ಥಾಮಸ್ ಎಡಿಸನ್ 1878ರಲ್ಲೇ ಅದನ್ನು ಬಳಸಿದ್ದ. ಕನ್ನಡದಲ್ಲಂತೂ ‘ಹುಳುಕು’ ಎಂಬ ಮಾತಿನಲ್ಲಿ ಹುಳುವೂ ದೋಷವೂ ಒಟ್ಟಿಗೇ ಕುಳಿತಿವೆ. ಹುಳುಕು ಹೊರಗೆ ಕಾಣಬೇಕಾದರೆ ಹಣ್ಣನ್ನು ಕೊಯ್ದು ನೋಡಲು ಬಿಡಬೇಕು.

ಹಾಗೆ ನೋಡಲು ಬಿಡದಿದ್ದುದೇ ಒಂದು ಚಳವಳಿಗೆ ಕಾರಣವಾಯಿತು. ಅಮೆರಿಕದ ಎಂಐಟಿ ಪ್ರಯೋಗಾಲಯದಲ್ಲಿ ಜೆರಾಕ್ಸ್ ಮುದ್ರಣಯಂತ್ರವೊಂದು ಪದೇ ಪದೇ ಕಾಗದ ಸಿಕ್ಕಿಸಿಕೊಳ್ಳುತ್ತಿತ್ತು. ಕಾಗದ ಸಿಕ್ಕಿಕೊಂಡಾಗ ಸೂಚನೆ ಕೊಡುವಂತೆ ಅದರ ತಂತ್ರಾಂಶವನ್ನು ತಿದ್ದಲು ರಿಚರ್ಡ್ ಸ್ಟಾಲ್ಮನ್ ಬಯಸಿದರು. ಅದರ ಮೂಲ ಬರಹ ಅವರಿಗೆ ಸಿಗಲಿಲ್ಲ. ತಾನು ಬಳಸುವ ಯಂತ್ರವನ್ನು ತಾನೇ ರಿಪೇರಿ ಮಾಡುವ ಹಕ್ಕು ಇಲ್ಲವೇ ಎಂಬ ಪ್ರಶ್ನೆ ಅಲ್ಲಿ ಹುಟ್ಟಿತು. 1983ರಲ್ಲಿ ಅವರು ‘ಗ್ನೂ’ ಯೋಜನೆಯನ್ನು ಘೋಷಿಸಿದರು. ಮುಂದೆ ಲಿನಕ್ಸ್ ಹಂಚಿಕೆಯಾದದ್ದೂ ಅದೇ ಯೋಜನೆಯ ಪರವಾನಗಿಯಡಿ.

ಇದರ ಬೆಲೆ 2019ರಲ್ಲಿ ಮತ್ತೊಮ್ಮೆ ತಿಳಿಯಿತು. ಆ ವರ್ಷ ಬಂದ ಪೈ 4 ಕೆಲವು ಉತ್ತಮ ದರ್ಜೆಯ ಕೇಬಲ್‌ಗಳಲ್ಲಿ ಚಾಲೂ ಆಗುತ್ತಲೇ ಇರಲಿಲ್ಲ. ಪ್ರಕಟವಾಗಿದ್ದ ಮಂಡಲ ನಕ್ಷೆಯನ್ನು ಹೊರಗಿನವರು ಪರಿಶೀಲಿಸಿದಾಗ ಕಾರಣ ಸಿಕ್ಕಿತು: ಎರಡು ಪ್ರತ್ಯೇಕ ರೋಧಕಗಳಿರಬೇಕಾದ ಕಡೆ ಒಂದನ್ನೇ ಹಂಚಿ ಹಾಕಿದ್ದರು. ಚಾರ್ಜರು ಎದುರಿಗಿರುವುದು ಶ್ರವಣ ಉಪಕರಣವೆಂದು ತಪ್ಪು ತಿಳಿದು ವಿದ್ಯುತ್ತನ್ನೇ ಕೊಡುತ್ತಿರಲಿಲ್ಲ. ತಯಾರಕರು ತಪ್ಪು ಒಪ್ಪಿಕೊಂಡು ಮುಂದಿನ ಹಲಗೆಗಳಲ್ಲಿ ತಿದ್ದಿದರು. ನಕ್ಷೆ ಬೀರುವಿನೊಳಗಿದ್ದಿದ್ದರೆ ಗ್ರಾಹಕರು ಕೇಬಲ್ಲನ್ನೇ ಶಪಿಸುತ್ತಿದ್ದರು. ಹಾಗೆಂದು ಪೈ ಪೂರ್ತಿ ತೆರೆದ ಯಂತ್ರವೂ ಅಲ್ಲ. ಕಾಮನಬಿಲ್ಲಿನ ಚೌಕ ಮೂಡಿಸುವ ಆರಂಭದ ಕಡತದ ಮೂಲ ಬರಹ ಸಾರ್ವಜನಿಕರಿಗೆ ಮುಚ್ಚಿಯೇ ಇದೆ. ಅಲ್ಲಿ ದೋಷ ಬಂದರೆ ಹವ್ಯಾಸಿಯ ಕೈ ಕಟ್ಟಿದಂತೆ.

ಈ ವಿಚಾರ ಕರ್ನಾಟಕಕ್ಕೆ ಹೊಸದಲ್ಲ. ಪೈ ಹುಟ್ಟುವ ಹತ್ತು ವರ್ಷ ಮೊದಲೇ, 2001ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್‌ಕೋರ್ ಕಂಪೆನಿಯ ಎಂಜಿನಿಯರುಗಳು ಸೇರಿ ‘ಸಿಂಪ್ಯೂಟರ್’ ಎಂಬ ಕೈಗಣಕವನ್ನು ಮುಂದಿಟ್ಟಿದ್ದರು. ಅದರಲ್ಲಿದ್ದದ್ದೂ ಆರ್ಮ್ ವಂಶದ ಪ್ರೊಸೆಸರ್, ಓಡಿದ್ದೂ ಲಿನಕ್ಸ್. ಅಕ್ಷರ ಬಾರದ ಹಳ್ಳಿಗರೂ ಬಳಸುವಂತಿರಬೇಕೆಂಬುದು ಆಶಯ. ಯಂತ್ರದ ವಿನ್ಯಾಸವನ್ನೂ ಪರವಾನಗಿಯಡಿ ಹಂಚಿಕೊಳ್ಳುವ ಏರ್ಪಾಡು ಮಾಡಿದ್ದರು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಹಯೋಗದಲ್ಲಿ ‘ಅಮಿಡಾ’ ಎಂಬ ಹೆಸರಿನಿಂದ ಅದು ಮಾರುಕಟ್ಟೆಗೂ ಬಂತು. ಆದರೆ ನಿರೀಕ್ಷೆಯಷ್ಟು ಮಾರಾಟವಾಗಲಿಲ್ಲ. ಅಗ್ಗದ ಮೊಬೈಲ್ ಫೋನುಗಳ ಅಲೆಯಲ್ಲಿ ಮರೆಯಾಯಿತು.

ಯಂತ್ರ ಹೋದರೂ ಅದರ ದನಿ ಉಳಿಯಿತು. ಹಿಂದಿ, ಕನ್ನಡ ಬರಹಗಳನ್ನು ಓದಿ ಹೇಳಲೆಂದು ಸಿಂಪ್ಯೂಟರಿಗಾಗಿ ರೂಪಿಸಿದ ‘ಧ್ವನಿ’ ತಂತ್ರಾಂಶದ ಮೂಲ ಬರಹ ಮುಕ್ತವಾಗಿತ್ತು. ಆದ್ದರಿಂದ ಬೇರೆಯವರು ಅದನ್ನು ಎತ್ತಿಕೊಂಡು, ತಿದ್ದಿ, ಇನ್ನಷ್ಟು ಭಾರತೀಯ ಭಾಷೆಗಳನ್ನು ಕಲಿಸಿದರು. ಮುಚ್ಚಿದ ಪೆಟ್ಟಿಗೆ ಕೆಟ್ಟರೆ ಗುಜರಿಗೆ ಹೋಗುತ್ತದೆ. ತೆರೆದ ಯಂತ್ರ ಕೆಟ್ಟರೂ ಅದನ್ನು ಬಿಚ್ಚಿ ನೋಡಿದವರ ಕೈಯಲ್ಲಿ ವಿದ್ಯೆ ಉಳಿಯುತ್ತದೆ.