ಹೊರ್ತಿಯ ರೊಟ್ಟಿ, ನಮ್ಮ ಪತ್ತಿರ್

ನಮ್ಮ ಕಡೆಯ ಹಳೆಯ ಅಡುಗೆಮನೆಯಲ್ಲಿ ಬೆಳಗಿನ ತಿಂಡಿ ಅಂದರೆ ಅಕ್ಕಿಯೇ. ಪತ್ತಿರ್, ಪುಂಡಿ, ನೀರ್‌ದೋಸೆ, ಕಲ್ತಪ್ಪ ತಿಂದೇ ನಾವೆಲ್ಲ ಬೆಳೆದದ್ದು. ಮದ್ರಸದ ಕೆಲಸಕ್ಕೆಂದು ಸಂಸಾರ ಸಮೇತ ಇಂಡಿ ತಾಲೂಕಿನ ಹೊರ್ತಿಗೆ ಬಂದಾಗ ಆ ತಿಂಡಿಗಳೆಲ್ಲ ಊರಲ್ಲೇ ಉಳಿದವು. ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಊರಿದು. ಸುತ್ತಮುತ್ತ ಜೋಳ, ತೊಗರಿ, ಲಿಂಬೆ ತೋಟ. ನಮ್ಮ ಕುಚ್ಚಲಕ್ಕಿ ಇಲ್ಲಿನ ಅಂಗಡಿಯಲ್ಲಿ ಸಿಗುವುದಿಲ್ಲ, ತೆಂಗಿನಕಾಯಿಯನ್ನು ಲೆಕ್ಕ ಹಾಕಿಯೇ ತರಬೇಕು. ಜೋಳದ ರೊಟ್ಟಿ ತಟ್ಟಲು ಹೆಂಡತಿಗೆ ಬರುತ್ತಿರಲಿಲ್ಲ. ಸುಲಭಕ್ಕೆ ಸಿಕ್ಕಿದ್ದು ಚಪಾತಿ. ಬೆಳಿಗ್ಗೆ ಚಪಾತಿ ಇಲ್ಲವೇ ರವೆ ಉಪ್ಪಿಟ್ಟು, ರಾತ್ರಿ ಮತ್ತೆ ಚಪಾತಿ.

ಒಂದು ವರ್ಷವಾಗುವಷ್ಟರಲ್ಲಿ ಸಣ್ಣ ಮಗಳು ಸೊರಗಿದಳು. ಆಗ ಅವಳಿಗೆ ಏಳು ವರ್ಷ. ಹೊಟ್ಟೆ ಉಬ್ಬರ, ಆಗಾಗ ಭೇದಿ, ಮುಖ ಬಿಳಿಚಿತ್ತು. ಹೊಸ ಪ್ಯಾಂಟ್ ಹೊಲಿಸುವ ಅಗತ್ಯವೇ ಬೀಳಲಿಲ್ಲ, ಎತ್ತರ ನಿಂತುಬಿಟ್ಟಿತ್ತು. ಹುಳದ ಔಷಧಿ ಕೊಟ್ಟರು, ಕಬ್ಬಿಣಾಂಶದ ಟಾನಿಕ್ ಕೊಟ್ಟರು. ನಾನೂ ನನ್ನ ತಿಳುವಳಿಕೆ ಸೇರಿಸಿದೆ. ಕಾಯಿಲೆಯವರಿಗೆ ತಲ್ಬೀನ ಒಳ್ಳೆಯದೆಂದು ಮಕ್ಕಳಿಗೆ ಪಾಠ ಹೇಳುವವನು ನಾನು. ಜವೆಗೋಧಿ ಹಿಟ್ಟು ತರಿಸಿ, ಹಾಲು ಜೇನು ಹಾಕಿ ದಿನಾ ಬೆಳಿಗ್ಗೆ ಕುಡಿಸಿದೆ. ಭೇದಿ ಜಾಸ್ತಿಯಾಯಿತು.

ಕೊನೆಗೆ ಸೊಲ್ಲಾಪುರದ ಒಬ್ಬ ಮಕ್ಕಳ ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ, "ಮನ್ಯಾಗ ಏನ್ ತಿಂತೀರಿ?" ರಕ್ತದಲ್ಲಿ ಟಿಟಿಜಿ ಎಂಬ ಪರೀಕ್ಷೆ, ಆಮೇಲೆ ಎಂಡೋಸ್ಕೋಪಿ. ಹೆಸರು ಸೀಲಿಯಾಕ್ ಕಾಯಿಲೆ. ಗೋಧಿ, ಜವೆಗೋಧಿ, ರೈ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಅಂಟು ಇರುತ್ತದೆ. ಈ ಕಾಯಿಲೆ ಇರುವವರು ಅದನ್ನು ತಿಂದರೆ ಅವರ ದೇಹವೇ ತನ್ನ ಸಣ್ಣ ಕರುಳಿನ ಒಳಪದರವನ್ನು ಹಾಳು ಮಾಡಿಕೊಳ್ಳುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಅದಕ್ಕೆ ಗುಳಿಗೆ ಇಲ್ಲ, ಆಯುಷ್ಯಪೂರ್ತಿ ಆ ಧಾನ್ಯಗಳನ್ನು ಬಿಡುವುದೇ ಚಿಕಿತ್ಸೆ. ಮಗಳಿಗೆ ನಾನು ಕೈಯಾರೆ ಕುಡಿಸಿದ್ದು ಅದನ್ನೇ. ತಲ್ಬೀನದಲ್ಲಿ ತಪ್ಪಿಲ್ಲ, ಎಲ್ಲರ ಹೊಟ್ಟೆಯೂ ಒಂದೇ ಎಂದುಕೊಂಡ ನನ್ನದು ತಪ್ಪು.

ಇಲ್ಲಿ ಒಂದು ಮಾತು. ಇದನ್ನು ಓದಿ ನಾಳೆಯಿಂದಲೇ ಮನೆಯಲ್ಲಿ ಚಪಾತಿ ನಿಲ್ಲಿಸಬೇಡಿ. ಗೋಧಿ ಎಲ್ಲರಿಗೂ ವೈರಿಯಲ್ಲ. ಅನುಮಾನ ಇದ್ದರೂ ಪರೀಕ್ಷೆ ಮುಗಿಯುವ ತನಕ ಗೋಧಿ ತಿನ್ನುತ್ತಲೇ ಇರಬೇಕು; ಮೊದಲೇ ಬಿಟ್ಟರೆ ಪರೀಕ್ಷೆಯಲ್ಲಿ ಕಾಯಿಲೆ ಕಾಣಿಸದೆ ಹೋಗಬಹುದು.

ಡಾಕ್ಟರ ಚೀಟಿ ಹಿಡಿದು ಬಂದ ದಿನ ಹೆಂಡತಿ ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದಳು. ವಿಷಯ ತಿಳಿದು ಪಕ್ಕದ ಮನೆಯ ಅಜ್ಜಿ ಬಂದರು. "ಜ್ವಾಳ ತಿನ್ನಬಹುದೇನ?" ಎಂದು ಕೇಳಿದರು. ತಿನ್ನಬಹುದು ಎಂದೆವು. "ಹಂಗಂದ್ರ ಅಳೂದ್ಯಾಕ ಬೇ? ಈ ಊರಾಗ ಜ್ವಾಳಕ್ಕೇನ್ ಕಡಿಮಿ?"

ನಿಜ. ವಿಜಯಪುರ, ಸೊಲ್ಲಾಪುರದ ಕಡೆಯ ಎರೆಭೂಮಿಯಲ್ಲಿ ಮಳೆಗಾಲದ ಕೊನೆಗೆ ಬಿತ್ತುವ ಹಿಂಗಾರಿ ಬಿಳಿಜೋಳ ಚಳಿಗಾಲದಲ್ಲಿ ಬೆಳೆದು ನಿಲ್ಲುತ್ತದೆ. ಮಾಲದಂಡಿ ಎಂಬ ತಳಿಗೆ ರೊಟ್ಟಿಯ ಜೋಳವೆಂದೇ ಹೆಸರು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಘೋಷಿಸಿದಾಗ ಪೇಟೆಯಲ್ಲಿ ಜೋಳಕ್ಕೆ ಹೊಸ ಪ್ಯಾಕೆಟ್ ಬಂತು. ಇಲ್ಲಿಯ ಅಜ್ಜಿಯಂದಿರು ಅದಕ್ಕಾಗಿ ಕಾದವರಲ್ಲ.

ರೊಟ್ಟಿ ಒಂದೇ ದಿನಕ್ಕೆ ಬರಲಿಲ್ಲ. ತಟ್ಟಿದರೆ ಅಂಚು ಬಿರಿಯುತ್ತಿತ್ತು, ಎತ್ತಿದರೆ ಎರಡು ತುಂಡು. ಚಪಾತಿ ಹಿಟ್ಟಿನ ಹಾಗೆ ಎಳೆದರೆ ಬರಲು ಜೋಳದಲ್ಲಿ ಆ ಅಂಟು ಇಲ್ಲವಲ್ಲ! ಅದಕ್ಕೇ ಎಸರು ಬೇಕು. ಎರಡು ಲೋಟ ಹಿಟ್ಟಿಗೆ ಒಂದೂವರೆಯಿಂದ ಎರಡು ಲೋಟ ನೀರು, ಚೆನ್ನಾಗಿ ಮರಳಿದ ನೀರು. ಹಿಟ್ಟಿನ ನಡುವೆ ಗುಳಿ ಮಾಡಿ ಸುರಿದು, ಸೌಟಿನಲ್ಲಿ ಕಲಸಿ, ಕೈಗೆ ಬಿಸಿ ತಾಳುವ ಹೊತ್ತಿಗೆ ಅಂಗೈಯಿಂದ ಒತ್ತಿ ಒತ್ತಿ ನಾದಬೇಕು. ಹಂಚಿಗೆ ಹಾಕಿದ ಮೇಲೆ ಮೇಲುಮೈಗೆ ನೀರು ಸವರಿ, ಅದು ಆರುವ ಮೊದಲು ಮಗುಚಬೇಕು. ಹಿಟ್ಟು ಹೊಸದಾಗಿರಬೇಕು, ಹಳತಾದರೆ ಜಿಗಿ ಹೋಗಿರುತ್ತದೆ. ಮೂರನೆಯ ದಿನ ಹೆಂಡತಿಗೆ ಹೊಳೆಯಿತು: "ಇದು ನಮ್ಮ ಪತ್ತಿರ್‌ನ ಕೆಲಸವೇ ಅಲ್ಲವಾ?" ಅಕ್ಕಿಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ಬಿಸಿಯಲ್ಲೇ ನಾದುವುದು ನಮ್ಮ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ. ಅಲ್ಲಿಂದ ಅವಳ ಕೈ ಕೂತಿತು.

ಕಷ್ಟ ಇದ್ದದ್ದು ಗಿರಣಿಯಲ್ಲಿ. ಗೋಧಿ ಬೀಸಿದ ಕಲ್ಲಲ್ಲೇ ಜೋಳ ಬೀಸಿದರೆ ಗೋಧಿಹಿಟ್ಟು ಬೆರೆತೇ ಬರುತ್ತದೆ, ಅಷ್ಟು ಸಾಕು ಹೊಟ್ಟೆ ಕೆಡಲು. ಮೊದಲ ಎರಡು ತಿಂಗಳು ಮಗಳು ಸುಧಾರಿಸದೆ ಇದ್ದದ್ದು ಇದರಿಂದಲೇ ಎಂದು ಆಮೇಲೆ ಗೊತ್ತಾಯಿತು. ಅಜ್ಜಿ ಹಿತ್ತಲಲ್ಲಿ ಬಿದ್ದಿದ್ದ ಬೀಸುಕಲ್ಲು ಕೊಟ್ಟರು. ಉಜ್ಜಿ ತೊಳೆದು ಒಣಗಿಸಿ, ಮೊದಲು ನಾಲ್ಕು ಬೊಗಸೆ ಜೋಳ ಬೀಸಿ ಆ ಹಿಟ್ಟನ್ನು ಕೋಳಿಗೆ ಹಾಕಿದೆವು. ಈಗ ಬೀಸುವುದು ನನ್ನ ಪಾಲು, ಸುಬಹಿ ನಮಾಝ್ ಆದ ಮೇಲೆ. ತೋಳು ನೋಯುತ್ತದೆ, ಸುಳ್ಳು ಹೇಳುವುದಿಲ್ಲ.

ಮನೆಯಲ್ಲಿ ಈಗ ಬೆಳಗಿನ ತಿಂಡಿ ಎರಡು ಊರು ಸೇರಿದ ತಿಂಡಿ. ಬಿಸಿ ರೊಟ್ಟಿಗೆ ಝುಣಕ, ಶೇಂಗಾ ಹಿಂಡಿ, ಮೊಸರು. ಒಂದು ದಿನ ಜೋಳದ ನುಚ್ಚು ಬೇಯಿಸಿ ಮಜ್ಜಿಗೆ ಹಾಕಿ ಉಣ್ಣುವುದು. ನಮ್ಮ ಗಂಜಿ ಅಭ್ಯಾಸ ಇರುವವರಿಗೆ ಅದು ಬೇಗ ಒಗ್ಗುತ್ತದೆ. ಶುಕ್ರವಾರ ನೀರ್‌ದೋಸೆ. ಒಣಗಿದ ಕಟಕ್ ರೊಟ್ಟಿಯನ್ನು ಮುರಿದು ಮೇಲೆ ಕೋಳಿಸಾರು ಸುರಿದರೆ ಕೋರಿರೊಟ್ಟಿ ನೆನಪಾಗುತ್ತದೆ, ಮಕ್ಕಳು ಬಟ್ಟಲು ನೆಕ್ಕುತ್ತಾರೆ. ಒಂದು ತಮಾಷೆ: ಅಜ್ಜಿ "ಪುಂಡಿ ತಂದೀನಿ" ಎಂದಾಗ ಮಗಳು ಅಕ್ಕಿಯ ಪುಂಡಿ ಎಂದು ಓಡಿಬಂದಳು. ನೋಡಿದರೆ ಹುಳಿ ಸೊಪ್ಪಿನ ಪಲ್ಯ! ಇಲ್ಲಿ ಪುಂಡಿ ಅಂದರೆ ಆ ಸೊಪ್ಪು.

ನಮ್ಮ ನೆಂಟರ ಮನೆಗಳಲ್ಲಿ ಜಾಗ್ರತೆ ಬೇಕಾಗುವುದು ಹೆಚ್ಚು. ಪರೋಟ, ಸಮೋಸ, ಬ್ರೆಡ್ಡು ಎಲ್ಲರಿಗೂ ಹೊಳೆಯುತ್ತದೆ. ರವೆ ಗೋಧಿಯದು, ಶಾವಿಗೆ ಪಾಯಸದ ಶಾವಿಗೆಯೂ ಹೆಚ್ಚಾಗಿ ಗೋಧಿಯದೇ, ಅಲೀಸ ಗೋಧಿಯದು ಎಂದು ಹೇಳಿಕೊಡಬೇಕಾಗುತ್ತದೆ. ಮಕ್ಕಳ ಮಾಲ್ಟ್ ಪುಡಿಯಲ್ಲಿ ಜವೆಗೋಧಿ, ಅಂಗಡಿಯ ಪುಡಿ ಇಂಗಿನಲ್ಲಿ ಅನೇಕ ಸಲ ಮೈದಾ, ಗೋಬಿ ಮಂಚೂರಿಯ ಸೋಯಾ ಸಾಸಿನಲ್ಲೂ ಗೋಧಿ. ಸಮೋಸ ಕರಿದ ಎಣ್ಣೆಯಲ್ಲಿ ಕರಿದದ್ದೂ ಆಗದು. "ಒಂದು ತುಂಡು ತಿಂದರೆ ಏನಾಗುತ್ತದೆ, ಬಿಸ್ಮಿ ಹೇಳಿ ತಿನ್ನಲಿ" ಎಂದವರೂ ಇದ್ದಾರೆ. ಪ್ರೀತಿಯಿಂದಲೇ ಹೇಳಿದ್ದು. ಆದರೂ ನಾನು ಆ ತಟ್ಟೆ ಹಿಂದಕ್ಕೆ ಸರಿಸಿದ್ದೇನೆ, ಮುನಿಸನ್ನೂ ಕಟ್ಟಿಕೊಂಡಿದ್ದೇನೆ.

ಕಳೆದ ಪೆರ್ನಾಳ್‌ಗೆ ಊರಿಗೆ ಹೊರಟಾಗ ಮಗಳು ಡಬ್ಬಿ ತುಂಬ ಜೋಳದ ಹಿಟ್ಟನ್ನು ಮಡಿಲಲ್ಲಿ ಇಟ್ಟುಕೊಂಡೇ ಬಸ್ಸಿನಲ್ಲಿ ಕೂತಳು. ಈಗ ಒಂಬತ್ತು ವರ್ಷ, ಅಕ್ಕನ ಭುಜಕ್ಕೆ ಬಂದಿದ್ದಾಳೆ. ನನ್ನ ಉಮ್ಮ ಅವಳಿಗಾಗಿ ರೊಟ್ಟಿ ತಟ್ಟಲು ಕೂತರು. ಎರಡು ರೊಟ್ಟಿ ಮುರಿದವು. ಮಗಳು ಒಲೆಯ ಹತ್ತಿರ ಹೋಗಿ ಪಾತ್ರೆ ಬಗ್ಗಿ ನೋಡಿ ಹೇಳಿದಳು: "ಎಸರು ಇನ್ನೂ ಕುದ್ದಿಲ್ಲ."