ಆಟಕ್ಕುಂಟು, ಲೆಕ್ಕಕ್ಕಿಲ್ಲ

ಬಂಗಾರಪೇಟೆಯ ಪಾನಿಪುರಿಗೆ ಬಣ್ಣವಿಲ್ಲ. ಬೇರೆ ಊರುಗಳಲ್ಲಿ ಹಸಿರಾಗಿ ಬರುವ ಪಾನಿ ಇಲ್ಲಿ ಕುಡಿಯುವ ನೀರಿನಷ್ಟೇ ತಿಳಿ. ಬಾಯಿಗೆ ಹಾಕಿಕೊಂಡ ಮೇಲೆಯೇ ಖಾರ ಗೊತ್ತಾಗುವುದು. ಸಂಜೆ ಚಾಟ್ ಅಂಗಡಿಯ ಮುಂದೆ ನಿಂತವರಲ್ಲಿ ಒಬ್ಬಿಬ್ಬರು ರಾತ್ರಿ ಎಂಟರ ಹೊತ್ತಿಗೆ ಮೆಡಿಕಲ್ ಶಾಪಿಗೂ ಬರುತ್ತಾರೆ. "ಅಣ್ಣಾ, ಗ್ಯಾಸ್ಟ್ರಿಕ್‌ಗೆ ನಾಲ್ಕು ಕೊಡಿ." ಯಾವ ಮಾತ್ರೆ ಎಂದು ಕೇಳುವವರಿಲ್ಲ, ಹೇಳುವವರೂ ಇಲ್ಲ. ಅಂಗಡಿಯವನು ಹತ್ತರ ಸ್ಟ್ರಿಪ್ ಎಳೆದು ಕತ್ತರಿಯಲ್ಲಿ ನಾಲ್ಕು ಕತ್ತರಿಸಿ ಕೊಡುತ್ತಾನೆ. ಹೆಸರಿನ ಮೊದಲರ್ಧ ಅಂಗಡಿಯಲ್ಲೇ ಉಳಿಯಿತು. ಕೈಗೆ ಬಂದ ತುಂಡಿನ ಮೇಲೆ 'ಪ್ರಜೋಲ್' ಎಂಬ ಬಾಲ ಮಾತ್ರ, ಪಕ್ಕದಲ್ಲಿ ಉದ್ದಕ್ಕೆ ಒಂದು ಕೆಂಪು ಗೆರೆ. ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂಬುದು ಆ ಗೆರೆಯ ಅರ್ಥ. ನಾನೂ ಅಂಥದೇ ಕೌಂಟರಿನಿಂದ ಚೀಟಿ ಇಲ್ಲದೆ ಅಂಥದೇ ತುಂಡು ಎಷ್ಟೋ ಸಲ ಜೇಬಿಗೆ ಹಾಕಿಕೊಂಡವನು. ಹಾಗಾಗಿ ಅಂಗಡಿಯವನನ್ನು ದೂರುವ ಮುಖ ನನಗಿಲ್ಲ.

ನನಗೆ, ನಿಮಗೆ ಅದರಿಂದ ಹೆಚ್ಚೇನೂ ಆಗಲಿಕ್ಕಿಲ್ಲ. ಕೊಂಡವರು ರಕ್ತದ ಕ್ಯಾನ್ಸರಿಗೆ ಮಾತ್ರೆ ನುಂಗುತ್ತಿರುವವರಾದರೆ ಕಥೆಯೇ ಬೇರೆ. ಅಂಥವರೆಲ್ಲ ಈಗ ಆಸ್ಪತ್ರೆಯ ಮಂಚದ ಮೇಲೆ ಮಲಗಿರುವುದಿಲ್ಲ. ಮಾರಿಕುಪ್ಪಂನಿಂದ ಹೊರಟ ಟ್ರೇನಿನಲ್ಲಿ ಎಲ್ಲರ ಹಾಗೆ ಸೀಟಿಗೆ ಟವೆಲ್ ಎಸೆದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಬರುತ್ತಿರುತ್ತಾರೆ. ಮೂರು ತಿಂಗಳಿಗೊಮ್ಮೆ ರಕ್ತ ಕೊಟ್ಟು ಬರುವ ದಿನ ಮಾತ್ರ ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು.

ಹೀಗೆ ಓಡಾಡಿಕೊಂಡಿರುವುದು ಸಾಧ್ಯವಾದದ್ದು 2001ರಿಂದ ಈಚೆಗೆ. ಆ ವರ್ಷದ ಫೆಬ್ರವರಿ ಕೊನೆಗೆ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿ ಕೆಜಿಎಫ್‌ನ ಸಾವಿರಾರು ಮನೆಗಳ ಸಂಬಳ ನಿಂತಿತು. ಅದೇ ವರ್ಷದ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಇಮ್ಯಾಟಿನಿಬ್ ಎಂಬ ಮಾತ್ರೆಗೆ ಅನುಮತಿ ಸಿಕ್ಕಿತು. ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ, ಅಂದರೆ ಸಿಎಂಎಲ್ ಎಂಬ ನಿಧಾನಗತಿಯ ರಕ್ತಕ್ಯಾನ್ಸರಿನಲ್ಲಿ 9 ಮತ್ತು 22ನೇ ಕ್ರೋಮೋಸೋಮುಗಳು ತುಂಡು ಅದಲುಬದಲು ಮಾಡಿಕೊಂಡಿರುತ್ತವೆ. ಆ ಬೆಸುಗೆಯಲ್ಲಿ ಬಿಸಿಆರ್-ಎಬಿಎಲ್ ಎಂಬ ಹೊಸ ಜೀನ್ ಹುಟ್ಟುತ್ತದೆ. ಅದು ಮಾಡುವ ಪ್ರೋಟೀನು ಸ್ಟಾರ್ಟರ್ ಅಂಟಿಕೊಂಡ ಬೋರ್‌ವೆಲ್ ಮೋಟಾರಿನ ಹಾಗೆ. ಆಫ್ ಆಗುವುದೇ ಇಲ್ಲ, ಬಿಳಿ ರಕ್ತಕಣಗಳು ಸುರಿಯುತ್ತಲೇ ಇರುತ್ತವೆ. ಇಮ್ಯಾಟಿನಿಬ್ ಹೋಗಿ ಆ ಮೋಟಾರಿಗೆ ಕರೆಂಟು ಬರುವ ಜಾಗದಲ್ಲೇ ಕೂರುತ್ತದೆ. ಕೆಲವೇ ವರ್ಷ ಎನ್ನುತ್ತಿದ್ದ ಕಾಯಿಲೆ ಬಿಪಿ, ಸಕ್ಕರೆ ಕಾಯಿಲೆಗಳ ಸಾಲಿಗೆ ಬಂದು ನಿಂತಿತು. ಮಾತ್ರೆಯ ಹೊಸ ರೂಪಕ್ಕೆ ನೊವಾರ್ಟಿಸ್ ಕಂಪನಿ ಕೇಳಿದ್ದ ಪೇಟೆಂಟನ್ನು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ನಿರಾಕರಿಸಿದ್ದರಿಂದ ಅಗ್ಗದ ದೇಶಿ ಮಾತ್ರೆಗಳ ದಾರಿಯೂ ಮುಚ್ಚಲಿಲ್ಲ. ಕೆಜಿಎಫ್ ಗಣಿಗಳು ಬಿಟ್ಟುಹೋದ ಸೈನೈಡ್ ದಿಬ್ಬಗಳ ಧೂಳಿಗೂ ಈ ಕಾಯಿಲೆಗೂ ನಂಟು ಉಂಟೇ ಎಂದು ಕೇಳುವವರಿದ್ದಾರೆ. ಸಿಎಂಎಲ್‌ಗೆ ಖಚಿತವಾಗಿ ತಿಳಿದಿರುವ ಹೊರಗಿನ ಕಾರಣ ಭಾರೀ ಪ್ರಮಾಣದ ವಿಕಿರಣ. ಅದು ಹಿರೋಷಿಮಾದಲ್ಲಿ ಕಂಡದ್ದು.

ಇಮ್ಯಾಟಿನಿಬ್ ಹೊಟ್ಟೆ ತೊಳಸುತ್ತದೆ. ಊಟದ ಜೊತೆ, ದೊಡ್ಡ ಲೋಟದ ತುಂಬ ನೀರು ಕುಡಿದು ನುಂಗಿ ಎನ್ನುವುದು ಅದಕ್ಕೇ. ಮುದ್ದೆ ಉಂಡು ನುಂಗಿದರೂ ಒಮ್ಮೊಮ್ಮೆ ಎದೆ ಉರಿ ತಪ್ಪದು. ಆಗ ಶುರುವಾಗುತ್ತದೆ ಗ್ಯಾಸ್ಟ್ರಿಕ್ ಮಾತ್ರೆಯ ಸಹವಾಸ. ಒಮೆಪ್ರಜೋಲ್ ಜೊತೆಗೆ, ಹೊಟ್ಟೆಯ ಆಮ್ಲ ಇಳಿಸುವ ಜೆಲುಸಿಲ್ ಜಾತಿಯ ಔಷಧಿಗಳ ಜೊತೆಗೆ ಇಮ್ಯಾಟಿನಿಬ್ ಕೊಟ್ಟು ಪರೀಕ್ಷಿಸಿದ್ದಾರೆ. ರಕ್ತಕ್ಕೆ ಸೇರುವ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಂಡಿಲ್ಲ. ನಾಲ್ಕೈದು ವರ್ಷ ಎರಡೂ ಒಟ್ಟಿಗೆ ನಡೆದರೂ ಏನೂ ಆಗುವುದಿಲ್ಲ. ನನ್ನ ತಕರಾರು ಇರುವುದು ಈ 'ಏನೂ ಆಗುವುದಿಲ್ಲ' ಎಂಬ ಅಭ್ಯಾಸದ ಮೇಲೆ.

ಕೆಲವರಲ್ಲಿ ಇಮ್ಯಾಟಿನಿಬ್ ಪಟ್ಟು ಸಡಿಲವಾಗುತ್ತದೆ. ಆಗ ಡಾಕ್ಟರು ಡಾಸಾಟಿನಿಬ್‌ಗೆ ಬದಲಿಸುತ್ತಾರೆ. ಕ್ಯಾನ್ಸರ್ ಮಾತ್ರೆ ಬದಲಾಯಿತು, ಗ್ಯಾಸ್ಟ್ರಿಕ್ ಮಾತ್ರೆ ಹಾಗೇ ಮುಂದುವರಿಯಿತು. ಎಡವಟ್ಟು ಇಲ್ಲಿದೆ. ಡಾಸಾಟಿನಿಬ್ ಕರಗಬೇಕಾದರೆ ಹೊಟ್ಟೆ ಹುಳಿಯಾಗಿಯೇ ಇರಬೇಕು. ಆಮ್ಲ ಇಳಿದ ಹೊಟ್ಟೆಯಲ್ಲಿ ಅದರ ಕರಗುವಿಕೆ ಸಾವಿರ ಪಟ್ಟಿಗೂ ಹೆಚ್ಚು ಕುಸಿಯಬಲ್ಲದು.

ಕೆಜಿಎಫ್‌ನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅದಿರಿನ ಪುಡಿಯಿಂದ ಚಿನ್ನ ಕರಗಿಸುತ್ತಿದ್ದ ಸೈನೈಡ್ ತೊಟ್ಟಿಗೆ ಸುಣ್ಣ ಹಾಕಲೇಬೇಕಿತ್ತು. ಅಲ್ಲಿನ ದ್ರಾವಣ ಕ್ಷಾರವಾಗಿ ಇರಬೇಕು, ಹುಳಿಯಾದರೆ ಸೈನೈಡು ವಿಷಗಾಳಿಯಾಗಿ ಎದ್ದುಹೋಗುತ್ತದೆ, ಚಿನ್ನ ಪುಡಿಯಲ್ಲೇ ಉಳಿಯುತ್ತದೆ. ಡಾಸಾಟಿನಿಬ್ ಲೆಕ್ಕ ಅದರ ತಿರುವುಮುರುವು. ಹುಳಿ ಹೋದರೆ ಕರಗದೆ ಉಳಿದ ಮಾತ್ರೆ ಮಲದಲ್ಲಿ ಹೊರಟುಹೋಗುತ್ತದೆ. ನುಂಗಿದ್ದು ಪೂರ್ತಿ, ದುಡ್ಡು ಕೊಟ್ಟಿದ್ದು ಪೂರ್ತಿ, ರಕ್ತಕ್ಕೆ ದಕ್ಕಿದ್ದು ಅರ್ಧ.

ಅರ್ಧ ಎಂದದ್ದು ಮಾತಿಗಲ್ಲ. ಒಮೆಪ್ರಜೋಲ್ ಅಭ್ಯಾಸವಿದ್ದವರ ರಕ್ತದಲ್ಲಿ ಡಾಸಾಟಿನಿಬ್ ಪ್ರಮಾಣ ಶೇ. 43 ಇಳಿದದ್ದನ್ನು ಅಳೆದಿದ್ದಾರೆ. ಹತ್ತು ಗಂಟೆ ಮೊದಲು ನುಂಗಿದ್ದ, ಆಮ್ಲ ಇಳಿಸುವ ಇನ್ನೊಂದು ಮಾತ್ರೆ ಫ್ಯಾಮೋಟಿಡಿನ್ ಶೇ. 61 ಇಳಿಸಿತು. ಜೆಲುಸಿಲ್ ಜಾತಿಯ ಆ್ಯಂಟಾಸಿಡ್ ಒಟ್ಟಿಗೇ ಕುಡಿದಾಗ ಶೇ. 55, ಅದನ್ನೇ ಎರಡು ಗಂಟೆ ಮೊದಲು ಕುಡಿದರೆ ಇಳಿಕೆಯೇ ಇಲ್ಲ. ಕಾರಣ ಸರಳ. ಜೆಲುಸಿಲ್, ಡೈಜಿನ್, ಈನೋ ಹೊಟ್ಟೆಯಲ್ಲಿ ಆಗಲೇ ಇರುವ ಆಮ್ಲವನ್ನು ಸುಣ್ಣ ಹಾಕಿದಂತೆ ಶಮನ ಮಾಡುತ್ತವೆ, ಸ್ವಲ್ಪ ಹೊತ್ತಿಗೆ ಹೊಸ ಆಮ್ಲ ಊರಿ ಬರುತ್ತದೆ. 'ಪ್ರಜೋಲ್' ಬಾಲದ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ಗಳು ಆಮ್ಲ ಊರಿಸುವ ಪಂಪನ್ನೇ ಕೆಡಿಸಿ ಕೂರುತ್ತವೆ. ಜೀವಕೋಶ ಹೊಸ ಪಂಪು ಕಟ್ಟಿಕೊಳ್ಳಲು ದಿನ ಹಿಡಿಯುತ್ತದೆ. ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಹೊತ್ತು ಬದಲಿಸಿ ನುಂಗಿದರೂ ಅವುಗಳಿಂದ ತಪ್ಪಿಸಿಕೊಳ್ಳಲಾಗದು. ಡಾಸಾಟಿನಿಬ್ ನುಂಗುವವರಿಗೆ ಎದೆ ಉರಿ ಬಂದರೆ ಎರಡು ಗಂಟೆ ಹಿಂದೆ ಇಲ್ಲವೇ ಮುಂದೆ ಜೆಲುಸಿಲ್‌ನಂಥದ್ದು ಸಾಕು ಎಂದು ಡಾಕ್ಟರು ಹೇಳುವುದು ಈ ಕಾರಣಕ್ಕೆ. ಹಳೆಯ ಕಾಲದ ಗುಲಾಬಿ ಬಣ್ಣದ ಬಾಟಲಿ ಹೊಸ ಮಾತ್ರೆಗಿಂತ ವಾಸಿ ಎನಿಸುವ ಅಪರೂಪದ ಸಂದರ್ಭ ಇದು.

ನಿಲೋಟಿನಿಬ್ ಎಂಬ ಇನ್ನೊಂದಿದೆ. ಅದರ ಶಿಸ್ತು ಇಮ್ಯಾಟಿನಿಬ್‌ಗೆ ಪೂರಾ ಉಲ್ಟಾ. ನುಂಗುವ ಎರಡು ಗಂಟೆ ಮೊದಲು, ಒಂದು ಗಂಟೆ ನಂತರ ಏನೂ ತಿನ್ನಬಾರದು. ಜಿಡ್ಡಿನ ಊಟದ ಜೊತೆ ನುಂಗಿದರೆ ರಕ್ತದಲ್ಲಿ ಅದರ ಪ್ರಮಾಣ ಶೇ. 80ರಷ್ಟು ಏರಿಬಿಡುತ್ತದೆ. ಏರಿದರೆ ಒಳ್ಳೆಯದಲ್ಲವೇ ಎಂದು ಕೇಳಬೇಡಿ. ನಿಲೋಟಿನಿಬ್ ಹೃದಯದ ಬಡಿತಗಳ ನಡುವೆ ವಿದ್ಯುತ್ತು ಮತ್ತೆ ಕೂಡಿಕೊಳ್ಳುವ ಹೊತ್ತನ್ನು ಹಿಗ್ಗಿಸುತ್ತದೆ. ಅತಿಯಾದರೆ ಲಯ ತಪ್ಪಿ ಜೀವಕ್ಕೇ ಎರವು. ಈಗ ನಮ್ಮ ಮೆಡಿಕಲ್ ಶಾಪುಗಳ ಮೆಚ್ಚಿನ ಪ್ಯಾನ್-ಡಿ ನೋಡಿ. ಅದರಲ್ಲಿ ಪ್ಯಾಂಟೊಪ್ರಜೋಲ್ ಜೊತೆ ಡೊಂಪೆರಿಡೋನ್ ಸೇರಿದೆ. ಮೊದಲನೆಯದರ ಜಾತಿ ನಿಲೋಟಿನಿಬ್ ಕರಗುವುದನ್ನು ತಗ್ಗಿಸುವಂಥದ್ದು. ಎರಡನೆಯದು ಹೃದಯದ ಅದೇ ಹೊತ್ತನ್ನು ತಾನೂ ಹಿಗ್ಗಿಸುವಂಥದ್ದು. ಗಂಟಲು ನೋವಿಗೆ ಪರಿಚಯದ ಮೇಲೆ ಕೊಡುವ ಅಜಿಥ್ರೋಮೈಸಿನ್ ಕೂಡ ಈ ಎರಡನೆಯ ಗುಂಪಿಗೆ ಸೇರಿದೆ.

ಹೊಟ್ಟೆ ದಾಟಿದ ಮಾತ್ರೆಗೆ ಮುಂದಿನ ಚೆಕ್‌ಪೋಸ್ಟು ಕರುಳಿನ ಗೋಡೆ ಮತ್ತು ಲಿವರು. ಅಲ್ಲಿ ಸಿವೈಪಿ3ಎ4 ಎಂಬ ಕಿಣ್ವ ಕಾದಿದ್ದು ಔಷಧಿಗಳನ್ನು ಒಡೆಯುತ್ತದೆ. ಇಮ್ಯಾಟಿನಿಬ್, ಡಾಸಾಟಿನಿಬ್, ನಿಲೋಟಿನಿಬ್ ಮೂರೂ ಅದರ ಕೈಯಲ್ಲೇ ಹಾದುಹೋಗಬೇಕು. ಈ ಕಿಣ್ವದ ಒಂದು ದೌರ್ಬಲ್ಯ ಬೆಳಕಿಗೆ ಬಂದದ್ದು ಆಕಸ್ಮಿಕವಾಗಿ. ಕೆನಡಾದ ಡೇವಿಡ್ ಬೈಲಿ ಮತ್ತು ಸಂಗಡಿಗರು ಬಿಪಿ ಮಾತ್ರೆಯ ಮೇಲೆ ಮದ್ಯದ ಪರಿಣಾಮ ನೋಡಲು ಹೊರಟಿದ್ದರು. ಮದ್ಯದ ರುಚಿ ಗೊತ್ತಾಗದಿರಲಿ ಎಂದು ಗ್ರೇಪ್‌ಫ್ರೂಟ್ ರಸ ಬೆರೆಸಿದರು. ರಕ್ತದಲ್ಲಿ ಮಾತ್ರೆಯ ಪ್ರಮಾಣ ಲೆಕ್ಕ ಮೀರಿ ಏರಿತು, ತಪ್ಪು ಮದ್ಯದ್ದಾಗಿರಲಿಲ್ಲ. 1989ರಲ್ಲಿ ಅವರ ವರದಿ ಹೊರಬಂತು. ಆ ಹಣ್ಣಿನ ಫ್ಯೂರಾನೊಕೌಮರಿನ್‌ಗಳು ಕರುಳಿನ ಕಿಣ್ವವನ್ನು ಒಂದೆರಡು ದಿನದ ಮಟ್ಟಿಗೆ ಹಾಳುಗೆಡಹುತ್ತವೆ. ಗ್ರೇಪ್‌ಫ್ರೂಟ್ ನಮಗೆಲ್ಲಿಂದ ಬರಬೇಕು ಎನ್ನುವಿರಿ. ಅದರ ಹೆತ್ತವರಲ್ಲಿ ಒಂದು ನಮ್ಮ ಚಕ್ಕೋತ. ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಗುರುತಿನ ಹಿರಿಮೆಯೂ ಇದೆ. ತಳಿಯಿಂದ ತಳಿಗೆ ಪ್ರಮಾಣ ಬದಲಾದರೂ ಚಕ್ಕೋತದಲ್ಲೂ ಇದೇ ವಸ್ತುಗಳಿವೆ. ಈ ಮಾತ್ರೆಗಳ ಮೇಲಿರುವವರು ಅದನ್ನು ದೂರವಿಡುವುದೇ ಕ್ಷೇಮ. ಕಿಣ್ವವನ್ನು ಕೆರಳಿಸಿ ಮಾತ್ರೆಯನ್ನು ಬೇಗ ಖಾಲಿ ಮಾಡಿಸುವ ಔಷಧಿಗಳೂ ಉಂಟು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಮ್ಯಾಟಿನಿಬ್ ಪ್ರಮಾಣವನ್ನು ಶೇ. 74 ಇಳಿಸುತ್ತದೆ. ಗಣಿ ಧೂಳು ಕುಡಿದ ಶ್ವಾಸಕೋಶಕ್ಕೆ ಕ್ಷಯ ಬೇಗ ಅಂಟುವ ಈ ಸೀಮೆಯಲ್ಲಿ ಅದನ್ನು ನೆನಪಿಡಬೇಕು.

ಇನ್ನು ನೋವು, ಜ್ವರ. ಮೈ ಬಿಸಿಯಾದರೆ ಒಂದು ಡೋಲೋ ಎನ್ನುವುದು ನಮ್ಮ ನಾಡಿನ ಪದ್ಧತಿಯೇ ಆಗಿದೆ. ಇಮ್ಯಾಟಿನಿಬ್‌ನ ಮೊದಮೊದಲ ಪ್ರಯೋಗಗಳಲ್ಲಿ, ಜ್ವರಕ್ಕೆಂದು ಡೋಲೋದಲ್ಲಿರುವ ಪ್ಯಾರಾಸಿಟಮಾಲನ್ನೇ ನಿತ್ಯ ನುಂಗುತ್ತಿದ್ದ ಒಬ್ಬ ರೋಗಿ ಲಿವರ್ ಕೈಕೊಟ್ಟು ತೀರಿಕೊಂಡರು. ಒಬ್ಬರ ಪ್ರಕರಣದಿಂದ ಎಲ್ಲವೂ ಸಾಬೀತಾಗದು, ಆದರೂ ದಿನಗಟ್ಟಲೆ ಬೇಡ ಎಂಬ ಎಚ್ಚರಿಕೆ ಅಲ್ಲಿಂದ ಬಂತು. ಅದಕ್ಕಿಂತ ದೊಡ್ಡ ಭಯ ಕೀಮೋ ನಡೆಯುತ್ತಿರುವವರದು. ಬಿಳಿ ರಕ್ತಕಣ ಕುಸಿದಾಗ ಎಷ್ಟೋ ಸಲ ಸೋಂಕಿನ ಏಕೈಕ ಸೂಚನೆ ಜ್ವರ. ಡೋಲೋ ಅದನ್ನು ಅಳಿಸಿಬಿಡುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ. ಥರ್ಮಾಮೀಟರು 100.4 ತೋರಿಸಿದರೆ ಮೊದಲು ಆಸ್ಪತ್ರೆಗೆ ಫೋನು, ಆಮೇಲೆ ಮಾತ್ರೆ. ಬಂಗಾರಪೇಟೆಯಿಂದ ಬೆಂಗಳೂರು 70 ಕಿಲೋಮೀಟರು. ರಾತ್ರಿ ಹೊತ್ತು ಆ ದೂರವೂ ಲೆಕ್ಕಕ್ಕೆ ಬರುತ್ತದೆ. ನೋವಿಗೆಂದು ನುಂಗುವ, ಆಸ್ಪಿರಿನ್ ಇರುವ ಡಿಸ್ಪ್ರಿನ್, ಐಬುಪ್ರೊಫೆನ್ ಇರುವ ಕಾಂಬಿಫ್ಲಾಮ್ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳನ್ನು ಸೋಮಾರಿ ಮಾಡುತ್ತವೆ. ಆಸ್ಪಿರಿನ್ ತಗುಲಿದ ಪ್ಲೇಟ್‌ಲೆಟ್ ತನ್ನ ಆಯುಷ್ಯ ಮುಗಿಯುವವರೆಗೆ, ವಾರ ಹತ್ತು ದಿನ, ಚೇತರಿಸುವುದಿಲ್ಲ.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಲಿಂಫೊಬ್ಲಾಸ್ಟಿಕ್ ಲ್ಯುಕೇಮಿಯಾಕ್ಕೆ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ. ಅದು ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ಐಬುಪ್ರೊಫೆನ್ ಜಾತಿಯ ನೋವಿನ ಮಾತ್ರೆಗಳು ಆ ಬಾಗಿಲನ್ನು ಕಿರಿದು ಮಾಡುತ್ತವೆ. ಡೋಸು ದೊಡ್ಡದಿದ್ದಾಗ ಇದು ಪ್ರಾಣಾಪಾಯ. ಈ ಔಷಧಿಯ ಹಿಂದೆ ನಮ್ಮ ಕಡೆಯವರೊಬ್ಬರಿದ್ದಾರೆ. ಭೀಮವರಂನಲ್ಲಿ ಹುಟ್ಟಿದ ಎಲ್ಲಾಪ್ರಗಡ ಸುಬ್ಬರಾವ್, ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಲ್ಯುಕೇಮಿಯಾ ಮಕ್ಕಳಿಗೆ ಫೋಲಿಕ್ ಆಸಿಡ್ ಜಾತಿಯ ವಿಟಮಿನ್ ಕೊಟ್ಟು ನೋಡಿದಾಗ ಕಾಯಿಲೆ ಇನ್ನಷ್ಟು ಚುರುಕಾದಂತೆ ಕಂಡಿತು. ಹಾಗಾದರೆ ಆ ವಿಟಮಿನ್ನಿನ ವೇಷ ಹಾಕಿದ ಮೋಸದ ಅಣು ಕೊಟ್ಟರೆ? ಸುಬ್ಬರಾವ್ ತಂಡ ಅಂಥ ಅಣುಗಳನ್ನು ಮಾಡಿಕೊಟ್ಟಿತು. 1948ರ ಜೂನ್‌ನಲ್ಲಿ ಫಾರ್ಬರ್ ವರದಿ ಪ್ರಕಟವಾಯಿತು, 16 ಮಕ್ಕಳಲ್ಲಿ 10 ಮಂದಿಗೆ ತಾತ್ಕಾಲಿಕ ಗುಣ. ಆಗಸ್ಟ್‌ನಲ್ಲಿ ಸುಬ್ಬರಾವ್ ತೀರಿಕೊಂಡರು. ಮೆಥೊಟ್ರೆಕ್ಸೇಟ್ ಇಂದಿಗೂ ಅದೇ ಮೋಸದ ಮೇಲೆ ನಿಂತಿದೆ. ಮಗು ಸೊರಗಿದೆ ಎಂದು ಅಜ್ಜಿ ಪ್ರೀತಿಯಿಂದ ತಂದುಕೊಡುವ ಬಿ-ಕಾಂಪ್ಲೆಕ್ಸ್‌ನಲ್ಲಿ ನಿಜವಾದ ಫೋಲಿಕ್ ಆಸಿಡ್ ಇರುತ್ತದೆ.

ಕಷಾಯ, ಬಳ್ಳಿ, ಬೇರುಗಳದು ಬೇರೆಯದೇ ಅಧ್ಯಾಯ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿ ಲಿವರ್ ಊದಿಕೊಂಡ ಆರು ಜನರ ಬಗ್ಗೆ ಮುಂಬೈ ವೈದ್ಯರು 2021ರಲ್ಲಿ ಬರೆದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಆ ಜಗಳ ಏನೇ ಇರಲಿ, ಕ್ಯಾನ್ಸರ್ ಮಾತ್ರೆಯೊಂದು ಆಗಲೇ ಹಾದುಹೋಗುತ್ತಿರುವ ಲಿವರಿನ ಮೇಲೆ ಅದನ್ನು ಪ್ರಯೋಗಿಸುವ ಧೈರ್ಯ ನನಗಂತೂ ಇಲ್ಲ.

ಓಪಿಡಿಯಲ್ಲಿ ಡಾಕ್ಟರು ಕೇಳುತ್ತಾರೆ: "ಬೇರೆ ಏನಾದರೂ ಮಾತ್ರೆ ತಗೋತೀರಾ?" ಉತ್ತರ: "ಇಲ್ಲ ಸಾರ್." ಇದು ಸುಳ್ಳಲ್ಲ. ನಮ್ಮ ಬಾಯಲ್ಲಿ ಮಾತ್ರೆ ಎಂದರೆ ಬಿಪಿಯದು, ಶುಗರಿನದು, ಆಸ್ಪತ್ರೆಯದು. ಗ್ಯಾಸ್ಟ್ರಿಕ್ಕಿನದು ಆಟಕ್ಕುಂಟು, ಲೆಕ್ಕಕ್ಕಿಲ್ಲ. ರಕ್ತದ ವರದಿಯಲ್ಲಿ ಬಿಸಿಆರ್-ಎಬಿಎಲ್ ಅಂಕಿ ಏರಿದ್ದು ಕಂಡಾಗ, ಕಾಯಿಲೆ ಈ ಮಾತ್ರೆಗೂ ಜಗ್ಗುತ್ತಿಲ್ಲವೇನೋ ಎಂದು ಡಾಕ್ಟರು ಯೋಚಿಸತೊಡಗುತ್ತಾರೆ. ಅದೇ ಪ್ರಶ್ನೆಯನ್ನು "ಹೊಟ್ಟೆ ಉರಿಗೆ ಏನು ತಗೋತೀರಿ, ಮೈಕೈ ನೋವಿಗೆ ಏನು?" ಎಂದು ಕೇಳಿ ನೋಡಿ. ಶರ್ಟಿನ ಜೇಬಿನಿಂದ, ಟ್ರೇನ್ ಪಾಸಿನ ಹಿಂದೆ ಮಡಿಸಿಟ್ಟ ಬೆಳ್ಳಿ ಹಾಳೆಯ ತುಂಡೊಂದು ಹೊರಬರುತ್ತದೆ. ನಾಲ್ಕರಲ್ಲಿ ಎರಡು ಗುಳಿ ಆಗಲೇ ಖಾಲಿ, ಮೇಲೆ ಅರ್ಧ ಹೆಸರು.